ಕೂತರೆ ಹತ್ತುವ ದಮ್ಮು

ದಮ್ಮು ಹತ್ತಿದವನು ಎದ್ದು ಕೂರುತ್ತಾನೆ. ನನ್ನ ಅಪ್ಪನ ವಿರುದ್ಧ ನಾನು ಮಂಡಿಸಿದ ವಾದದ ಮೊದಲ ವಾಕ್ಯ ಇದು. ಎರಡನೆಯದು: ನೀನು ಎದ್ದು ಕೂತರೆ ದಮ್ಮು ಹತ್ತುತ್ತದೆ ಅನ್ನುತ್ತೀ, ಮಲಗಿದರೆ ಆರಾಮ ಅನ್ನುತ್ತೀ. ಮೂರನೆಯದು: ಆದ್ದರಿಂದ ನಿನಗೆ ಹತ್ತುತ್ತಿರುವುದು ದಮ್ಮಲ್ಲ. ಮೂರು ವಾಕ್ಯ, ಒಂದಕ್ಕೊಂದು ಕೊಂಡಿ, ಎಲ್ಲೂ ಸಡಿಲವಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಎದುರು ಪಕ್ಷ ತಡಬಡಾಯಿಸಬೇಕಿತ್ತು. ಎದುರು ಪಕ್ಷದ ಅಪ್ಪ ಚಾಪೆಯ ಮೇಲೆ ಅಂಗಾತ ಮಲಗಿ, ತಿರುಗುವ ಫ್ಯಾನು ನೋಡುತ್ತಾ, "ಛಲೋ ಹೇಳ್ದಿ ನೋಡು, ವಕೀಲಬಾಯಿ," ಅಂದ.

ಆಗ ನನಗೆ ಹತ್ತೊಂಬತ್ತು ವರ್ಷ. ಡೊಂಬಿವಲಿ ಪೂರ್ವದಲ್ಲಿ, ಎರಡು ಕೋಣೆಯ ಮನೆ. ಅಪ್ಪ, ಅವ್ವ, ನಾನು. ಅಪ್ಪ ವಿಜಯಪುರದ ಕಡೆಯವನು. ಬೇಲಾಪುರದ ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತ. ಬೆಳಿಗ್ಗೆ ಠಾಣೆ ಊರಿನವರೆಗೆ ಲೋಕಲ್ ರೈಲು, ಅಲ್ಲಿಂದ ಬಸ್ಸು. ಡೊಂಬಿವಲಿಯಲ್ಲಿ ಆ ಹೊತ್ತಿಗೆ ಗಾಡಿಯೊಳಗೆ ಕಾಲಿಡುವುದೇ ಕಷ್ಟ. ಹಾಗಾಗಿ ಎಲ್ಲರ ಹಾಗೆ ಅಪ್ಪನೂ ಮೊದಲು ಉಲ್ಟಾ ದಿಕ್ಕಿನಲ್ಲಿ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಹೊರಡುವ ಗಾಡಿಯಲ್ಲಿ ಸೀಟು ಹಿಡಿದು, ಮತ್ತೆ ಡೊಂಬಿವಲಿಯ ಮೇಲೆಯೇ ಹಾದು ಠಾಣೆಗೆ ಹೋಗುತ್ತಿದ್ದ. ಆ ಗಾಡಿಯಲ್ಲಿ ಅವನಿಗೊಂದು ಭಜನಾ ಮಂಡಳಿ ಇತ್ತು. ಏಳೆಂಟು ಜನ ಮರಾಠಿ ಗಂಡಸರು, ಒಂದು ಢೋಲಕ್, ನಾಲ್ಕು ಜೊತೆ ತಾಳ. ಒಂದು ಜೊತೆ ತಾಳ ಅಪ್ಪನದು.

ನನಗೆ ಆ ಮಂಡಳಿ ಎಂದರೆ ಆಗುತ್ತಿರಲಿಲ್ಲ. "ನಾವು ಕೊರಳಾಗ ಲಿಂಗ ಕಟ್ಟಿಕೊಂಡವರು. ನೀ ಹೋಗಿ ವಿಠ್ಠಲಗ ತಾಳ ಬಡೀತಿ. ಒಂದರ ಸಿದ್ಧಾಂತ ಬ್ಯಾಡೇನು?" ಎಂದು ಕೆಣಕಿದ್ದೆ.

"ಲಿಂಗ ಮನ್ಯಾಗ, ವಿಠ್ಠಲ ಗಾಡ್ಯಾಗ," ಅಂದಿದ್ದ ಅಪ್ಪ. "ಇಬ್ಬರೂ ಜಗಳಾ ಆಡಿಲ್ಲ. ನೀ ಯಾಕ ಆಡ್ತಿ?"

ಅಪ್ಪನ ಯಕೃತ್ತು ಕೆಟ್ಟಿರುವುದು ನಮಗೆ ಮೂರು ವರ್ಷದಿಂದ ಗೊತ್ತಿತ್ತು. ಎಂದೋ ಹರೆಯದಲ್ಲಿ ಕಾಮಣಿ, ಅಂದರೆ ಕಾಮಾಲೆ, ಆಗಿ ಹೋಗಿತ್ತಂತೆ. ಅದು ಒಳಗೇ ಕೂತು ಕೆಲಸ ಮಾಡಿತ್ತು. ಕಲ್ಯಾಣದ ಡಾಕ್ಟರು ಹೊಟ್ಟೆ ಒತ್ತಿ, ಸೋನೋಗ್ರಫಿ ನೋಡಿ, "ಲಿವರ್ ಗಟ್ಟಿಯಾಗಿದೆ, ಮುದುಡಿದೆ" ಅಂದಿದ್ದರು. ಉಪ್ಪು ಬಿಟ್ಟಾಯಿತು. ಹೊಟ್ಟೆಯಲ್ಲಿ ನೀರು ತುಂಬುವುದು, ಮಾತ್ರೆಯಿಂದ ಇಳಿಯುವುದು ನಡೆದಿತ್ತು. ಅದಕ್ಕೆ ನಾವು ಹೊಂದಿಕೊಂಡಿದ್ದೆವು.

ದಮ್ಮು ಆಮೇಲೆ ಬಂತು. ಮೊದಲು ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ. ಆಮೇಲೆ ಹಾಲಿನ ಬೂತಿಗೆ ನಡೆದಾಗ. ಆಮೇಲೆ ಸುಮ್ಮನೆ ಕುರ್ಚಿಯಲ್ಲಿ ಕೂತಾಗ. ಅಪ್ಪ ಊಟಕ್ಕೆ ಕೂತವನು ಅರ್ಧ ರೊಟ್ಟಿಗೆ ಎದ್ದು ಹೋಗಿ ಮಲಗುತ್ತಿದ್ದ. ಮಲಗಿ ಐದು ನಿಮಿಷಕ್ಕೆ ಮಾತು, ನಗು, ಎಲ್ಲ ವಾಪಸ್. ಅಡುಗೆಮನೆಯತ್ತ ಮುಖ ತಿರುಗಿಸಿ, "ಪಲ್ಯಾ ಛಲೋ ಆಗೇದ, ಇನ್ನೊಂದು ರೊಟ್ಟಿ ಇಲ್ಲೇ ಕೊಡು," ಎಂದು ಮಲಗಿದಲ್ಲೇ ಕೈ ಚಾಚುತ್ತಿದ್ದ. ನೀವೇ ಹೇಳಿ, ಇದನ್ನು ನೋಡಿದವರಿಗೆ ಏನನ್ನಿಸಬೇಕು?

ನಮ್ಮ ಓಣಿಯ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಅಸ್ತಮಾ ಇರಬೇಕೆಂದು ಬಾಯಿಗೆ ಹಿಡಿಯುವ ಪಂಪು ಕೊಟ್ಟರು. "ಚಪ್ಪಟೆ ಮಲಗಿಸಬೇಡಿ. ಬೆನ್ನಿಗೆ ಮೂರು ದಿಂಬು ಕೊಟ್ಟು ಕೂರಿಸಿ," ಅಂದರು. ಹೊಟ್ಟೆ ನೋಡಿದವರು ಎದೆ ನೋಡಿರಲಿಲ್ಲ, ಎದೆ ನೋಡಿದವರು ಹೊಟ್ಟೆ ಕೇಳಲಿಲ್ಲ. ನನಗಂತೂ ಡಾಕ್ಟರ ಮಾತು ಬಲವಾದ ಸಾಕ್ಷಿಯಾಗಿ ಸಿಕ್ಕಿತು. ಮೂರು ದಿಂಬುಗಳ ಉಸ್ತುವಾರಿ ನಾನೇ ವಹಿಸಿಕೊಂಡೆ. ಒಂದರ ಮೇಲೊಂದು ಪೇರಿಸಿ, ಅಪ್ಪನನ್ನು ಒರಗಿಸಿ ಕೂರಿಸುವುದು. ಹತ್ತು ನಿಮಿಷಕ್ಕೆ ಬಂದು ನೋಡಿದರೆ ಆತ ಇಷ್ಟಿಷ್ಟೇ ಜಾರಿ, ದಿಂಬುಗಳ ಬುಡದಲ್ಲಿ ಚಪ್ಪಟೆ ಮಲಗಿರುತ್ತಿದ್ದ. ಮತ್ತೆ ಎಬ್ಬಿಸುವುದು, ಮತ್ತೆ ಜಾರುವುದು.

"ಯಾಕ ಜಾರ್ತಿ ಅಪ್ಪಾ? ಡಾಕ್ಟರ್ ಬೋಲಾ ನಾ, ಬೈಠನಾ ಹೈ!"

"ಡಾಕ್ಟರಗ ಏನು ಗೊತ್ತವ್ವಾ, ದಮ್ಮು ನನಗ ಹತ್ತೂದು."

"ಹಂಗಾದ್ರ ಆಧಾರ ಕೊಡು. ಮಲಗಿದ್ರ ಆರಾಮ ಆಗೋ ದಮ್ಮು ಜಗತ್ತಿನಾಗ ಯಾರಿಗೆ ಐತಿ, ಒಬ್ಬರ ಹೆಸರು ಹೇಳು."

ಅಪ್ಪ ಯೋಚಿಸಿದ. ಹೆಸರು ಸಿಗಲಿಲ್ಲ. ಆಮೇಲೆ ಮುಖ ಅರಳಿಸಿ ಅಂದ: "ನಮ್ಮ ಮಂದಿಗೆ ಸತ್ತ ಮ್ಯಾಲೆ ಕುಂಡ್ರೂದು ಇದ್ದೇ ಐತಿ. ಜೀವ ಇದ್ದಾಗರ ಮಲಗಾಕ ಬಿಡ."

ಹೌದು, ನಮ್ಮಲ್ಲಿ ಹೆಣವನ್ನು ಸುಡುವುದಿಲ್ಲ. ಮಲಗಿಸುವುದೂ ಇಲ್ಲ. ಚಕ್ಕಳಮಕ್ಕಳ ಕೂರಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟು, ಕೂತ ಭಂಗಿಯಲ್ಲೇ ಮಣ್ಣಿಗೆ ಇಳಿಸುತ್ತಾರೆ. ಅಪ್ಪನ ತಮಾಷೆಗೆ ಅವ್ವ ಸೌಟು ಕುಕ್ಕಿ, "ಬಾಯಿಗೆ ಹುಳಾ ಬೀಳಲಿ" ಎಂದು ಬೈದಳು. ನಾನು ನಗಲಿಲ್ಲ. ವಾದ ಸೋತವರು ತಮಾಷೆಗೆ ಇಳಿಯುತ್ತಾರೆ ಎಂದು ನಮಗೆ ಕಲಿಸಿದ್ದರು.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಯಕೃತ್ತಿನ ರೋಗ ಎಂದರೆ ಜನ ಕುಡಿತ ಅನ್ನುತ್ತಾರೆ. ಅಪ್ಪ ಬೇಲಾಪುರದ ರೆಕಾರ್ಡ್ ರೂಮಿನಲ್ಲಿ ಫೈಲುಗಳ ಕಪಾಟಿನ ಹಿಂದೆ ಮಲಗಿರುತ್ತಾನೆ ಎಂಬ ಸುದ್ದಿ ನಮ್ಮ ಬಿಲ್ಡಿಂಗಿನವರೆಗೂ ಬಂದಿತ್ತು. ನಲ್ಲಿಯ ಹತ್ತಿರ ಕೆಳಮನೆಯವಳು, "ಸಾಹೇಬಾಂಚಿ ಗಾಡಿ ದುಪಾರೀಚ ಸುಟತೇ ವಾಟತಂ," ಸಾಹೇಬರ ಗಾಡಿ ಮಧ್ಯಾಹ್ನವೇ ಹೊರಡುತ್ತದೆಂದು ಕಾಣುತ್ತದೆ, ಎಂದು ಹೆಬ್ಬೆರಳು ಬಾಯಿಗೆ ಹಿಡಿದು ನಕ್ಕಾಗ, ನಾನು ಕೊಡ ಕೆಳಗಿಟ್ಟು ಅವಳಿಗೆ ಹತ್ತು ನಿಮಿಷ ಪಾಠ ಹೇಳಿದೆ. ಕಾಮಣಿಯಿಂದ ಯಕೃತ್ತು ಹೇಗೆ ಕೆಡುತ್ತದೆ, ಆರೋಪ ಮಾಡಿದವರ ಮೇಲೆ ರುಜುವಾತಿನ ಹೊಣೆ ಹೇಗೆ ಇರುತ್ತದೆ, ಎಲ್ಲ. ಆಕೆ ತನ್ನ ಕೊಡ ಎತ್ತಿಕೊಂಡು ನಡೆದಳು. ಮನೆಗೆ ಬಂದು, ಅಪ್ಪನ ಆಫೀಸಿನ ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ ಮೂಸಿದೆ. ನೀರು. ಎರಡು ದಿನ ಬಿಟ್ಟು ಮತ್ತೆ ಮೂಸಿದೆ. ಆಗಲೂ ನೀರೇ.

ಒಂದು ಭಾನುವಾರ ಬೆಳಿಗ್ಗೆ ನಾನು ಪ್ರಯೋಗ ಮಾಡಿದೆ. ಅಪ್ಪನನ್ನು ಕಿಟಕಿಯ ಹತ್ತಿರ ಮರದ ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಅಲಾರಂ ಗಡಿಯಾರ ಇಟ್ಟೆ. "ಒಂದು ತಾಸು. ಮನಸ್ಸು ಗಟ್ಟಿ ಮಾಡಿ ಕುಂಡ್ರು. ಏನೂ ಆಗಂಗಿಲ್ಲ ಅಂತ ನಾ ತೋರಸ್ತೀನಿ." ಅಪ್ಪ ಒಪ್ಪಿದ. ಅವ್ವ ಬಾಗಿಲಲ್ಲಿ ನಿಂತು, "ಸಾಕ ಮಾಡ," ಅಂದಳು. ನಾನು ಕೈ ತೋರಿಸಿ ತಡೆದೆ.

ಅಪ್ಪ ಕೂತ. ಹದಿನೈದು ನಿಮಿಷಕ್ಕೆ ಮಾತು ನಿಂತಿತು. ಇಪ್ಪತ್ತೈದಕ್ಕೆ ಎರಡೂ ಕೈಗಳಿಂದ ಕುರ್ಚಿಯ ಹಿಡಿ ಹಿಡಿದ. ಆ ಬೆರಳುಗಳ ತುದಿ ಆ ವರ್ಷ ಯಾಕೋ ದುಂಡಗೆ ಉಬ್ಬಿದ್ದವು, ನಗಾರಿ ಬಡಿಯುವ ಕೋಲಿನ ಹಾಗೆ. ಉಗುರು ಶಾಯಿ ತಗುಲಿದಂತೆ ನೀಲಿ. ನಾನು ಅದನ್ನು ನೋಡಿದೆ. ರೆಕಾರ್ಡ್ ರೂಮಿನ ಕಾರ್ಬನ್ ಹಾಳೆ ಅಂದುಕೊಂಡೆ. ಭಾನುವಾರ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ನಲವತ್ತು ನಿಮಿಷಕ್ಕೆ ಅಪ್ಪ ಬಾಯಿ ತೆರೆದು ಉಸಿರಾಡುತ್ತಿದ್ದ, ಆದರೆ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ, ನಡೆಯಲಿ ಎಂಬಂತೆ. ತಾಸು ಮುಗಿದು ಗಂಟೆ ಬಾರಿಸಿದಾಗ, "ನೋಡಿದೇನು? ಏನಾತು?" ಎಂದೆ. ಅಪ್ಪ ಕುರ್ಚಿಯಿಂದ ಏಳಲಿಲ್ಲ. ಹಾಗೇ ಕೆಳಗೆ ಜಾರಿ ನೆಲದ ಮೇಲೆ ಮಲಗಿದ.

ನಾನು ಅದನ್ನು ನನ್ನ ಗೆಲುವು ಎಂದೇ ಎಣಿಸಿದೆ.

ಆಮೇಲೂ ಉಗುರಿನ ನೀಲಿ ಹೋಗದಿದ್ದಾಗ ಓಣಿಯ ಡಾಕ್ಟರು ಠಾಣೆಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಪ್ಪ ಆಫೀಸಿಗೆ ಹೋಗುವ ಗಾಡಿಯಲ್ಲೇ ಹೋಗೋಣ ಅಂದ. ನಾನು ಯಾವತ್ತೂ ಹೆಂಗಸರ ಡಬ್ಬಿಯವಳು. ಅಂದು ಅಪ್ಪನ ಚೀಲ ಹಿಡಿದು ಮೊದಲ ಸಲ ಗಂಡಸರ ಡಬ್ಬಿ ಹತ್ತಿದೆ. ಕಲ್ಯಾಣದಲ್ಲಿ ಗಾಡಿ ಇನ್ನೂ ನಿಲ್ಲುವ ಮೊದಲೇ ಮಂಡಳಿಯವರು ಒಳಗೆ ಹಾರಿ, ಮೂರನೇ ಬೆಂಚಿನ ಮೇಲೆ ಕರವಸ್ತ್ರ, ಢೋಲಕ್, ಟಿಫಿನ್ ಹರಡಿದರು. ನಾವು ನಿಧಾನ ಹೋಗುವಷ್ಟರಲ್ಲಿ ಎಲ್ಲ ಎತ್ತಿಕೊಂಡರು. ಬೆಂಚು ಖಾಲಿ. ಮೂರು ಜನ ಕೂರುವ, ನಾಲ್ಕನೆಯವನು ಅರ್ಧ ಕುಂಡೆ ಊರುವ ಪೂರಾ ಬೆಂಚು. ಅಪ್ಪ ಚಪ್ಪಲಿ ಬಿಟ್ಟು, ಮೊಣಕಾಲು ಮಡಚಿ, ಅದರ ಮೇಲೆ ಮಲಗಿದ. ಯಾರೋ ತಮ್ಮ ಚೀಲ ಅವನ ತಲೆಯ ಕೆಳಗೆ ತಳ್ಳಿದರು. ಮಂಡಳಿಯವರೆಲ್ಲ ಅವನ ಸುತ್ತ ಗೋಡೆಯಂತೆ ನಿಂತರು.

ಗಾಡಿ ಡೊಂಬಿವಲಿಗೆ ಬಂತು. ಜನ ನುಗ್ಗಿದರು. ಬೆವರಿನಲ್ಲಿ ತೊಯ್ದ ಒಬ್ಬ ತರುಣ ಬೆಂಚು ಕಂಡು ಕೂಗಿದ: "ಏ ಕಾಕಾ, ಉಠೋ! ತುಮ್ಹಾರೇ ಬಾಪ್ ಕೀ ಗಾಡಿ ಹೈ ಕ್ಯಾ?"

"ಉಸ್ಕೇ ನಹೀ, ಮೇರೇ ಬಾಪ್ ಕೀ ಹೈ," ಅಂದ ಢೋಲಕ್ಕಿನವನು. "ತೂ ಖಡಾ ರೆಹ್, ತಾಳಿ ಬಜಾ." ಅವನಪ್ಪನ ಗಾಡಿಯಲ್ಲ, ನನ್ನಪ್ಪನದು; ನೀನು ನಿಂತು ಚಪ್ಪಾಳೆ ತಟ್ಟು.

ಇಡೀ ಡಬ್ಬಿ ನಕ್ಕಿತು. ಭಜನೆ ಶುರುವಾಯಿತು. ಅಪ್ಪ ಮಲಗಿದಲ್ಲೇ ಎದೆಯ ಮೇಲೆ ತಾಳ ಹಿಡಿದು ಬಾರಿಸುತ್ತಿದ್ದ, ಒಂದೇ ಒಂದು ಪೆಟ್ಟು ತಪ್ಪಲಿಲ್ಲ. ನನ್ನ ಪಕ್ಕ ಮಂಡಳಿಯ ಹಿರಿಯ, ನಿವೃತ್ತಿಗೆ ಹತ್ತಿರದ ಒಬ್ಬ ಮುದುಕ, ಒಂದೇ ಕೈಯಲ್ಲಿ ಹಿಡಿಕೆ ಹಿಡಿದು ಜೋತಾಡುತ್ತಿದ್ದ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ದೀಪಾವಳಿಯಿಂದ, ಅಂದ. ಆರು ತಿಂಗಳು.

"ನಿಮಗೆ ಅನುಮಾನ ಬರಲಿಲ್ಲವಾ? ದಮ್ಮು ಹತ್ತಿದವರು ಕೂರುತ್ತಾರೆ, ಮಲಗುವುದಿಲ್ಲ. ಏನು ಪುರಾವೆ ಇತ್ತು?" ಎಂದು ಮರಾಠಿಯಲ್ಲಿ ಕೇಳಿದೆ.

ಮುದುಕ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದ. "ಪುರಾವಾ ಕಶಾಲಾ, ಪೋರೀ? ತೋ ಮ್ಹಣತೋ ನಾ." ಪುರಾವೆ ಯಾಕೆ, ಹುಡುಗಿ? ಅವನು ಹೇಳುತ್ತಾನಲ್ಲ.

ಇಂಥ ವಾದಕ್ಕೆ ನಾವು ಸ್ಪರ್ಧೆಯಲ್ಲಿ ಸೊನ್ನೆ ಕೊಡುತ್ತಿದ್ದೆವು.

ಠಾಣೆಯ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ ಡಾಕ್ಟರು ನನಗಿಂತ ಆರೇಳು ವರ್ಷ ದೊಡ್ಡವಳಿರಬೇಕು. ಮೊದಲು ಅಪ್ಪನ ಬೆರಳು ನೋಡಿದಳು. ಅಂಗಿ ಬಿಚ್ಚಿಸಿ, ಎದೆಯ ಮೇಲೆ ಜೇಡದ ಕಾಲಿನಂತೆ ಹರಡಿದ್ದ ಕೆಂಪು ಗೆರೆಗಳನ್ನು ಒತ್ತಿ ನೋಡಿದಳು. "ಲಿವರ್ ಕೀ ತಕ್ಲೀಫ್ ಹೈ?" ಎಂದು ಕೇಳಿದಳು. ನಾವು ಹೇಳುವ ಮೊದಲೇ ಕೇಳಿದವಳು ಅವಳೊಬ್ಬಳೇ. ಅಪ್ಪನ ಬೆರಳಿಗೆ ಬಟ್ಟೆಗೆ ಹಾಕುವ ಚಿಮಟಿಗೆಯಂಥದ್ದೊಂದನ್ನು ಸಿಕ್ಕಿಸಿದಳು. ಅದರ ತಂತಿ ಒಂದು ಪೆಟ್ಟಿಗೆಗೆ, ಪೆಟ್ಟಿಗೆಯ ಮೇಲೆ ಕೆಂಪು ಅಂಕಿ. ರಕ್ತದಲ್ಲಿ ಎಷ್ಟು ಪ್ರಾಣವಾಯು ಇದೆ ಎಂದು ಅದು ತೋರಿಸುತ್ತದಂತೆ.

"ಅಂಕಲ್, ಲೇಟಿಯೇ."

ಅಪ್ಪ ಮಲಗಿದ. ತೊಂಬತ್ತೊಂದು.

"ಅಬ್ ಬೈಠಿಯೇ."

ಅಪ್ಪ ಕೂತ. ತೊಂಬತ್ತು. ಎಂಬತ್ತೇಳು. ಎಂಬತ್ತನಾಲ್ಕು. ಅಂಕಿ ಇಳಿಯುತ್ತಲೇ ಹೋಯಿತು. ಎಂಬತ್ತೊಂದಕ್ಕೆ ಬಂದಾಗ ಆಕೆ ತಾನೇ ಅಪ್ಪನ ಭುಜ ಹಿಡಿದು ಮಲಗಿಸಿದಳು. ಐದು ನಿಮಿಷವೂ ಆಗಿರಲಿಲ್ಲ. ನಾನು ಒಂದು ತಾಸು ಕೂರಿಸಿದ್ದೆ.

ಮರುವಾರ ಇನ್ನೊಂದು ಪರೀಕ್ಷೆ. ಸಲೈನನ್ನು ಸೋಡಾದ ಹಾಗೆ ಗುಳ್ಳೆ ಬರುವಂತೆ ಕಲಕಿ ರಕ್ತನಾಳಕ್ಕೆ ಬಿಟ್ಟು, ಹೃದಯದ ಚಿತ್ರದಲ್ಲಿ ಆ ಗುಳ್ಳೆಗಳನ್ನು ಕಾಯುವುದು. ಸರಿಯಾದ ಶ್ವಾಸಕೋಶ ಗುಳ್ಳೆಗಳನ್ನು ತಡೆದುಬಿಡುತ್ತದೆ. ಅಪ್ಪನದು ದಾಟಿಸಿತು; ಹೃದಯದ ಎಡಭಾಗದಲ್ಲಿ ಅವು ಮಂಡಕ್ಕಿಯ ಹಾಗೆ ತೇಲಿ ಬಂದವು. ಆ ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದಳು. ಯಕೃತ್ತು ಕೆಟ್ಟರೆ ಕೆಲವರಲ್ಲಿ ಶ್ವಾಸಕೋಶದ ಸಣ್ಣ ರಕ್ತನಾಳಗಳು ಹಿಗ್ಗಿಬಿಡುತ್ತವೆ. ರಕ್ತ ಗಾಳಿಯನ್ನು ಮುಟ್ಟದೆಯೇ ಹಾದುಹೋಗುತ್ತದೆ. ಹಿಗ್ಗಿದ ನಾಳಗಳು ಹೆಚ್ಚಾಗಿ ತಳದಲ್ಲಿ. ಕೂತರೆ, ನಿಂತರೆ ರಕ್ತ ಅಲ್ಲಿಗೇ ಇಳಿಯುತ್ತದೆ. ಮಲಗಿದರೆ ಎಲ್ಲ ಕಡೆ ಹರಡುತ್ತದೆ. "ಇವರು ಮೊದಲ ದಿನದಿಂದ ಸರಿಯಾಗೇ ಹೇಳಿದ್ದಾರೆ," ಅಂದಳು.

ಔಷಧ ಕೇಳಿದೆ. ಇಲ್ಲ ಅಂದಳು. ಹೊಸ ಯಕೃತ್ತು ಕೂರಿಸಿದರೆ ಸರಿಹೋಗಬಹುದು, ಹೊರದೇಶಗಳಲ್ಲಿ ಮಾಡುತ್ತಾರೆ, ಇಲ್ಲಿ ಇನ್ನೂ... ಎಂದವಳು ಫೈಲು ಮುಚ್ಚಿದಳು. ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್ ಇಡಿ, ಮಲಗಿರಲಿ. ನಾನು ಪ್ರತಿವಾದಕ್ಕಾಗಿ ತಡಕಾಡಿದೆ. ಬೇರೆ ಕಾರಣ ಇರಬಹುದಲ್ಲ, ಯಂತ್ರ ತಪ್ಪಿರಬಹುದಲ್ಲ. ಆಕೆ ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟಳು. ಆಧಾರ ಕೇಳಿದವಳು ನಾನೇ. ಆಧಾರ ಬಂದಿತ್ತು, ಕೆಂಪು ಅಂಕಿಯಲ್ಲಿ.

ಮನೆಗೆ ಬಂದು ಮೂರೂ ದಿಂಬುಗಳನ್ನು ಕಪಾಟಿನ ಮೇಲೆ ಎಸೆದೆ. ಅವ್ವ ನೋಡಿ, "ನೀ ಕಾಲೇಜಿಗೆ ಹೋದ ಕೂಡ್ಲೇ ನಾ ದಿನಾ ತಗೀತಿದ್ದೆ. ನೀ ಬರೂ ಹೊತ್ತಿಗೆ ಹಚ್ಚತಿದ್ದೆ," ಅಂದಳು. ಅಷ್ಟೇ ಹೇಳಿ ಕುಕ್ಕರ್ ಇಳಿಸಲು ಹೋದಳು.

ಅಂದು ಮಧ್ಯಾಹ್ನ ಅಪ್ಪನ ಪಕ್ಕ ನೆಲದ ಮೇಲೆ ಮಲಗಿದೆ. ವೇದಿಕೆಯ ಮೇಲೆ ನೆಟ್ಟಗೆ ನಿಂತು, ಎದುರಿನವರ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲು ಕಲಿತವಳಿಗೆ ಮಲಗಿ ಮಾತಾಡುವುದು ಬರುವುದಿಲ್ಲ. ಇಬ್ಬರೂ ಫ್ಯಾನು ನೋಡುತ್ತಿದ್ದೆವು.

"ಅಪ್ಪಾ, ಅವತ್ತು ಕುರ್ಚಿ ಮ್ಯಾಲೆ ಒಂದು ತಾಸು ಯಾಕ ಕುಂತಿ? ಏಳಬೇಕಿತ್ತು. ಬೈಬೇಕಿತ್ತು."

"ನೀ ಅಷ್ಟು ಛಲೋ ಹೇಳ್ತಿದ್ದಿ ಅಲ್ಲವ್ವಾ. ಕೇಳಿ ಕೇಳಿ ನನಗೂ ಹೌದು ಅನಸಾಕತ್ತಿತ್ತು. ನಾನ ಸುಳ್ಳು ಹೇಳಾಕತ್ತೀನೇನೋ, ನನಗ ಗೊತ್ತಾಗವಲ್ತೇನೋ ಅಂತ. ನೋಡೂಣು ಅಂತ ಕುಂತೆ."

ನಾನು ಅಳುವುದನ್ನು ಅವನು ನೋಡಲಿಲ್ಲ. ಮಲಗಿದವರಿಗೆ ಪಕ್ಕದವರ ಮುಖ ಕಾಣುವುದಿಲ್ಲ. "ನನ್ನ ವಾದ ವಾಪಸ್ ತಗೋತೀನಿ," ಅಂದೆ.

"ಹಂಗ ಬಿಡಂಗಿಲ್ಲ. ದಂಡ ಹಾಕ್ತೀನಿ. ತಲಿ ಒತ್ತು."

ಆಮೇಲೆ ಏಳು ತಿಂಗಳು ಅಪ್ಪ ಇದ್ದ. ಆಫೀಸು ಬಿಟ್ಟ. ಮೂಗಿಗೆ ಕೊಳವೆ, ಮೂಲೆಯಲ್ಲಿ ಸಿಲಿಂಡರು. ಮಂಡಳಿಯವರು ಶನಿವಾರ ಸಂಜೆ ಠಾಣೆಯಿಂದ ವಾಪಸಾಗುವಾಗ ಇಳಿದು ಬಂದು, ನಮ್ಮ ನಡುಮನೆಯಲ್ಲಿ ಸಣಕಲು ಕಾಲುಗಳನ್ನು ಮಡಚಿ ಕೂತು, ತಗ್ಗಿದ ದನಿಯಲ್ಲಿ ಹಾಡಿ ಹೋಗುತ್ತಿದ್ದರು. ನಾನು ಚಹಾ ಮಾಡುತ್ತಿದ್ದೆ. ಯಾವ ಸಿದ್ಧಾಂತವನ್ನೂ ಕೇಳಲಿಲ್ಲ. ಕೊನೆಕೊನೆಗೆ ಮಲಗಿದರೂ ಉಗುರು ನೀಲಿಯಾಗಿಯೇ ಇರುತ್ತಿತ್ತು.

ಒಂದು ದಿನ ಹತ್ತು ಗಂಟೆಯ ಹೊತ್ತಿಗೆ, ಅವ್ವ ಪಕ್ಕದಲ್ಲೇ ಕೂತು ಕೊತ್ತಂಬರಿ ಸೋಸುತ್ತಿದ್ದಾಗ, ಅಪ್ಪ ಹೋದ. ಚಪ್ಪಟೆ, ಅಂಗಾತ, ದಿಂಬಿಲ್ಲದೆ.

ವಿಜಯಪುರದಿಂದ ದೊಡ್ಡಪ್ಪ ವಾರದ ಹಿಂದೆಯೇ ಬಂದಿದ್ದ. ಕಲ್ಯಾಣದಿಂದ ನಮ್ಮ ಜಂಗಮರು ಬಂದರು. ಮೈ ತೊಳೆದರು. ಆಮೇಲೆ ನಾಲ್ಕು ಜನ ಸೇರಿ ಅಪ್ಪನನ್ನು ಎತ್ತಿ, ಗೋಡೆಗೆ ಆನಿಸಿ, ಕಾಲು ಮಡಚಿ ಕೂರಿಸತೊಡಗಿದರು. ತಲೆ ಮುಂದೆ ಬಾಗಿತು. ದೊಡ್ಡಪ್ಪ ಹಣೆಗೆ ಬಟ್ಟೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಲು ಹೋದ. ಅಪ್ಪನ ಬೆನ್ನು ಗೋಡೆಯ ಮೇಲೆ ಇಷ್ಟಿಷ್ಟೇ ಜಾರುತ್ತಿತ್ತು.

"ದಿಂಬು ಅದಾವೇನವ್ವಾ ಮನ್ಯಾಗ? ಬೆನ್ನಿಗೆ ಕೊಡಬೇಕು."

"ಮಲಗಸ್ರೀ," ಅಂದೆ.

"ಏನು?"

"ಅವನನ್ನ ಮಲಗಸ್ರೀ. ಕುಂಡ್ರಸಬ್ಯಾಡ್ರೀ. ಕುಂತ್ರ ಅವಗ ದಮ್ಮು ಹತ್ತತೈತಿ."

ಎಲ್ಲರೂ ನನ್ನನ್ನು ನೋಡಿದರು. ದೊಡ್ಡಪ್ಪ ಮೆತ್ತಗೆ, "ಹೆಣಕ್ಕ ಎಲ್ಲಿ ದಮ್ಮವ್ವಾ? ನೀನು ಓದಿದಾಕಿ," ಅಂದ. ಅವನ ಮಾತು ಸರಿ. ದೇವರಿಲ್ಲ, ಆತ್ಮವಿಲ್ಲ, ಸತ್ತ ಮೇಲೆ ಏನೂ ಇಲ್ಲ ಎಂದು ವಾದಿಸಿ ಪದಕ ಗೆದ್ದವಳು ನಾನು. ಆ ಕ್ಷಣ ನನ್ನ ಪಕ್ಷದಲ್ಲಿ ಒಂದೇ ಒಂದು ಆಧಾರ ಇರಲಿಲ್ಲ. ಆದರೂ ಕೂಗಿದೆ. ಠಾಣೆಯ ಆಸ್ಪತ್ರೆಯ ಅಂಕಿ ಹೇಳಿದೆ, ರಕ್ತ ತಳಕ್ಕೆ ಇಳಿಯುತ್ತದೆ ಎಂದೆ, ಅವನೇ ಹೇಳಿದ್ದಾನೆ, ಅವನೇ ಹೇಳಿದ್ದಾನೆ ಎಂದೆ. ಬಾಗಿಲಲ್ಲಿ ಮಂಡಳಿಯವರು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ನಮ್ಮ ಕನ್ನಡ ಅವರಿಗೆ ಎಷ್ಟು ತಿಳಿಯಿತೋ, ಆ ಮುದುಕ ಒಳಗೆ ಇಣುಕಿ, "ಝೋಪೂ ದ್ಯಾ ನಾ ತ್ಯಾಲಾ," ಮಲಗಲಿ ಬಿಡಿ ಅವನು, ಅಂದ. ದೊಡ್ಡಪ್ಪ ಎರಡೂ ಕೈಯಿಂದ ತಮ್ಮನ ಭುಜ ಹಿಡಿದೇ ಇದ್ದ.

ಆಗ ಅವ್ವ ಎದ್ದು ಬಂದಳು. ನನ್ನ ಕೈ ಹಿಡಿಯಲಿಲ್ಲ, ಬೈಯಲಿಲ್ಲ. ಅಪ್ಪನ ಉಗುರುಗಳ ಮೇಲೆ ಸೆರಗು ಸರಿಸಿ ಒರೆಸಿದಳು.

"ಕುಂಡ್ರಲಿ ಬಿಡ. ಇಷ್ಟು ದಿನ ಕುಂಡ್ರಾಕ ಆಗ್ಲಿಲ್ಲ ಅವಗ. ಒಂದು ತಾಟು ಊಟಾ ಕುಂತು ಮಾಡ್ಲಿಲ್ಲ. ಈಗ ದಮ್ಮು ಹತ್ತಂಗಿಲ್ಲ."



ಸ್ಟೂಲು ಹತ್ತಿ ಕಪಾಟಿನ ಮೇಲಿಂದ ದಿಂಬು ಇಳಿಸಿದೆ. ಧೂಳು ಕೊಡವಿದೆ. ಒಂದು ಸೊಂಟಕ್ಕೆ, ಒಂದು ಬೆನ್ನಿಗೆ, ಒಂದು ಕತ್ತಿನ ಹಿಂದೆ, ನನಗೆ ಅಭ್ಯಾಸವಿದ್ದ ಹಾಗೆಯೇ ಕೊಟ್ಟು, ಪಕ್ಕದಲ್ಲಿ ಕೂತೆ. ಅವ್ವ ವಿಭೂತಿ ಹಚ್ಚಿದಳು. ಜಂಗಮರು ಎಡಗೈಯನ್ನು ಮೇಲಕ್ಕೆ ತಿರುಗಿಸಿ ಲಿಂಗ ಇಟ್ಟರು. ಕೆಳಗೆ ಕಲ್ಯಾಣದ ರುದ್ರಭೂಮಿಗೆ ಹೋಗುವ ಟೆಂಪೊ ಬರುವವರೆಗೆ, ನಾನು ಹತ್ತು ನಿಮಿಷಕ್ಕೊಮ್ಮೆ ಬಗ್ಗಿ ದಿಂಬುಗಳನ್ನು ನೋಡುತ್ತಿದ್ದೆ.

ಈ ಸಲ ಅಪ್ಪ ಜಾರಲಿಲ್ಲ.